ಚೀಲದ ತೂಕದ ತಕರಾರು: ಹಿನ್ನೆಲೆ ಏನು?

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಾಗಲಿ, ಹುಬ್ಬಳ್ಳಿಯ ಅಮರಗೋಳದ ಪ್ರಾಂಗಣದಲ್ಲಾಗಲಿ, ತೂಕದ ತಕರಾರು ಎದ್ದರೆ ಸಿಗುವ ಉತ್ತರ ಒಂದೇ: ‘ಬೇಕಾದರೆ ಮತ್ತೊಮ್ಮೆ ತೂಗಿ ನೋಡಿ.’ ಮತ್ತೆ ತೂಗಿದರೂ ಅದೇ ಅಂಕಿ ಬರುತ್ತದೆ. ತಕರಾರು ಎತ್ತಿದವರು ಬಾಯಿ ಮುಚ್ಚಬೇಕಾಗುತ್ತದೆ.

ಮಣ, ಸೇರು, ತೊಲೆಗಳ ಕಾಲ 1956ರ ಕಾಯ್ದೆಯೊಂದಿಗೆ ಮುಗಿಯತೊಡಗಿತು. 1962ರ ಹೊತ್ತಿಗೆ ಕಿಲೋ, ಕ್ವಿಂಟಲ್‌ಗಳೇ ಕಾನೂನಿನ ಅಳತೆಗಳಾದವು. ತಕ್ಕಡಿ ಮಾತ್ರ ಉಳಿಯಿತು. ಅದರ ದೋಷ ಹಿಡಿಯುವುದು ಸುಲಭವಿತ್ತು. ದಂಡಿಯ ಒಂದು ಕಡೆ ಉದ್ದವಾಗಿದೆ ಎಂಬ ಅನುಮಾನ ಬಂದರೆ ಸರಕನ್ನೂ ಕಲ್ಲನ್ನೂ ಅದಲುಬದಲು ಮಾಡಿದರೆ ಸಾಕು. ಹಾಗೆ ಸಿಕ್ಕ ಎರಡು ತೂಕಗಳನ್ನು ಗುಣಿಸಿ ವರ್ಗಮೂಲ ತೆಗೆದರೆ ನಿಜವಾದ ತೂಕವೇ ಸಿಗುತ್ತದೆ.

ಎಲೆಕ್ಟ್ರಾನಿಕ್ ಕಾಟಾ ಬಂದ ಮೇಲೆ ಆ ದಾರಿ ಮುಚ್ಚಿತು. ಅದರೊಳಗಿನ ಲೋಹದ ತುಂಡು ಭಾರಕ್ಕೆ ಕೂದಲೆಳೆಯಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ತೆಳು ತಂತಿಯ ವಿದ್ಯುತ್ ರೋಧ ಬದಲಾಗುತ್ತದೆ. ಆ ಬದಲಾವಣೆಯೇ ಅಂಕಿಯಾಗಿ ಮೂಡುತ್ತದೆ. ಭಾರಕ್ಕೂ ಅಂಕಿಗೂ ಇರುವ ಹೊಂದಾಣಿಕೆ ತಪ್ಪಿದ್ದರೆ ಹತ್ತು ಸಲ ತೂಗಿದರೂ ಅದೇ ತಪ್ಪು. ಅಂಕಿಗಳು ಒಂದಕ್ಕೊಂದು ತಾಳೆಯಾಗುವುದು ಬೇರೆ, ನಿಜವಾದ ತೂಕಕ್ಕೆ ತಾಳೆಯಾಗುವುದು ಬೇರೆ. ಪಿಯುಸಿ ಪ್ರಯೋಗಾಲಯದಲ್ಲಿ ಉದ್ದ ಅಳೆಯುವ ವರ್ನಿಯರ್ ಕ್ಯಾಲಿಪರ್ಸ್‌ನ ಶೂನ್ಯ ದೋಷ (ಸೊನ್ನೆ ತೋರಿಸಬೇಕಾದಲ್ಲಿ ಬೇರೆ ಅಂಕಿ ತೋರಿಸುವುದು) ಕಳೆಯಲು ಕಲಿತವರೂ ಮಾರುಕಟ್ಟೆಗೆ ಬಂದಾಗ ಇದನ್ನು ಮರೆಯುತ್ತಾರೆ.

ಚೀಲಕ್ಕೆ 200 ಗ್ರಾಂ ವ್ಯತ್ಯಾಸ ಬರುತ್ತದೆ ಎನ್ನಿ. ಗಾಳಿಗೋ ಅಲುಗಾಟಕ್ಕೋ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಆಗುವಂಥದ್ದಾದರೆ 50 ಚೀಲಗಳಲ್ಲಿ ಬಹುಪಾಲು ಅಲ್ಲಲ್ಲೇ ವಜಾ ಆಗಿ, ಒಟ್ಟು ವ್ಯತ್ಯಾಸ 1.4 ಕಿಲೋದ ಆಸುಪಾಸಿನಲ್ಲಿ ನಿಲ್ಲುತ್ತದೆ. ಪ್ರತಿ ಚೀಲದಲ್ಲೂ ಕಡಿಮೆಯನ್ನೇ ತೋರಿಸಿದರೆ 10 ಕಿಲೋ ಹೋಯಿತು. ಅದನ್ನು ಯಾರೂ ಕದ್ದಿರಬೇಕೆಂದಿಲ್ಲ. ಕಾಟಾದ ಮಾಲೀಕರಿಗೂ ಗೊತ್ತಿರದೆ ಇರಬಹುದು.

ತೂಕ, ಅಳತೆಗಳಿಗೆ ಸಂಬಂಧಿಸಿದ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ 2011ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಇಂಥ ಕಾಟಾಗಳಿಗೆ ವರ್ಷಕ್ಕೊಮ್ಮೆ ಪರಿಶೀಲನೆ, ಮುದ್ರೆ. ಮುದ್ರೆ ಬಿದ್ದ ದಿನ ಸರಿಯಿದ್ದದ್ದು ಹನ್ನೊಂದನೇ ತಿಂಗಳಲ್ಲೂ ಸರಿಯಿರುತ್ತದೆ ಎಂಬುದು ನಂಬಿಕೆ ಅಷ್ಟೇ. ಮುದ್ರೆಯೊತ್ತಿದ 20 ಕಿಲೋ ತೂಕದ ಕಲ್ಲೊಂದನ್ನು ದಿನಾ ಬೆಳಿಗ್ಗೆ ಎಲ್ಲರೆದುರು ಕಾಟಾದ ಮೇಲೆ ಇಟ್ಟು ತೋರಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ.

ಇದರ ಮೇಲೆ ತೇವಾಂಶ ಬೇರೆ. ಶೇ. 12ರಷ್ಟು ತೇವವಿರುವ 100 ಕಿಲೋ ಮೆಣಸಿನಕಾಯಿ ಶೇ. 10ಕ್ಕೆ ಒಣಗಿದರೆ ಉಳಿಯುವುದು 97.8 ಕಿಲೋ. ಮನೆಯಲ್ಲಿ ತೂಗಿ ತಂದ ಚೀಲ ಮಾರುಕಟ್ಟೆಯಲ್ಲಿ ಕಡಿಮೆ ತೂಗಿದರೆ ಕಾರಣ ಕಾಟಾವೋ ಬಿಸಿಲೋ ಎಂದು ಆ ಕಲ್ಲಿಲ್ಲದೆ ಹೇಳುವಂತಿಲ್ಲ.