ಒಂದನ್ನಷ್ಟೇ ಕೊಳ್ಳುವುದಾದರೆ: ನ್ಯಾನೋವಿಎನ್‌ಎಯೋ, ಟೈನಿಎಸ್‌ಎಯೋ?

ಪ್ರಶ್ನೆ: ಹವ್ಯಾಸಿ ರೇಡಿಯೊ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆದಿದ್ದೇನೆ. 5 ವಾಟ್‌ನ ಒಂದು ಹ್ಯಾಂಡಿ ಸೆಟ್ (ಕೈಯಲ್ಲಿ ಹಿಡಿಯುವ ರೇಡಿಯೊ) ಇದೆ. ತಾರಸಿಯ ಮೇಲೆ ಎರಡು ಮೀಟರ್ ಬ್ಯಾಂಡಿಗೆ (144–146 ಮೆಗಾಹರ್ಟ್ಸ್) ನಾನೇ ಒಂದು ಆಂಟೆನಾ ಕಟ್ಟಬೇಕೆಂದಿದ್ದೇನೆ. ಎಸ್‌ಡಬ್ಲ್ಯೂಆರ್ ಮೀಟರ್, ನ್ಯಾನೋವಿಎನ್‌ಎ, ಟೈನಿಎಸ್‌ಎ ಎಂಬ ಮೂರು ಹೆಸರುಗಳು ಪದೇಪದೇ ಕಿವಿಗೆ ಬೀಳುತ್ತಿವೆ. ಸದ್ಯಕ್ಕೆ ಒಂದನ್ನು ಮಾತ್ರ ಕೊಳ್ಳಬಲ್ಲೆ. ಯಾವುದನ್ನು ಕೊಳ್ಳಲಿ?

ಉತ್ತರ: ನ್ಯಾನೋವಿಎನ್‌ಎಯನ್ನು ಕೊಳ್ಳಿ. ಹೊಸ ಹ್ಯಾಮ್ (ಹವ್ಯಾಸಿ ರೇಡಿಯೊಗಾರ) ತನ್ನ ಕೈಯಾರೆ ಮಾಡುವುದು ಹೆಚ್ಚಾಗಿ ಆಂಟೆನಾ ಮತ್ತು ಕೇಬಲ್ಲಿನ ಕೆಲಸವನ್ನೇ. ರೇಡಿಯೊ ಸಿದ್ಧವಾಗಿಯೇ ಬಂದಿರುತ್ತದೆ. ಆದ್ದರಿಂದ ಆಂಟೆನಾ ಮತ್ತು ಕೇಬಲ್ಲಿನ ವಿಷಯ ಹೇಳುವ ಸಾಧನವೇ ಮೊದಲು ಬರಬೇಕು. ಆದರೆ ಅದನ್ನು ಹೇಗೆ ಬಳಸಬೇಕೆಂದು ತಿಳಿಯದೆ ಕೊಂಡರೆ ಅದು ಸುಳ್ಳನ್ನೂ ಅಷ್ಟೇ ಅಂದವಾದ ಗ್ರಾಫ್ ಬಿಡಿಸಿ ತೋರಿಸುತ್ತದೆಯಾದ್ದರಿಂದ, ಉತ್ತರವನ್ನು ಸ್ವಲ್ಪ ವಿಸ್ತರಿಸಬೇಕಾಗಿದೆ.

ಮೂರೂ ಸಾಧನಗಳು ಕೇಳುವ ಪ್ರಶ್ನೆಗಳೇ ಬೇರೆ. ಎಸ್‌ಡಬ್ಲ್ಯೂಆರ್ ಮೀಟರನ್ನು ರೇಡಿಯೊ ಮತ್ತು ಆಂಟೆನಾಗಳ ನಡುವೆ ಸೇರಿಸಿ ಪ್ರಸಾರ ಮಾಡಿದರೆ, ಆ ಒಂದು ಆವರ್ತನದಲ್ಲಿ ಎಷ್ಟು ಶಕ್ತಿ ಹಿಂದಿರುಗಿತು ಎಂಬುದನ್ನು ಮುಳ್ಳು ತೋರಿಸುತ್ತದೆ. ಎಸ್‌ಡಬ್ಲ್ಯೂಆರ್ ಅಂಕಿ 1 ಇದ್ದರೆ ಏನೂ ಹಿಂದಿರುಗಿಲ್ಲ ಎಂದರ್ಥ; ಅಂಕಿ ಏರಿದಷ್ಟೂ ಹಿಂದಿರುಗಿದ್ದು ಹೆಚ್ಚು. ನ್ಯಾನೋವಿಎನ್‌ಎಗೆ ನಿಮ್ಮ ರೇಡಿಯೊ ಬೇಕಾಗಿಯೇ ಇಲ್ಲ. ತನ್ನದೇ ಆದ, ಒಂದು ಮಿಲಿವಾಟ್‌ಗೂ ಕಡಿಮೆಯ ಸಂಕೇತವನ್ನು ಆಂಟೆನಾಕ್ಕೆ ಕಳಿಸಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಆವರ್ತನವನ್ನು ಬದಲಿಸುತ್ತ, ಹಿಂದಿರುಗಿದ ಪ್ರಮಾಣವನ್ನೂ ಅದರ ಫೇಸನ್ನೂ (ಕಳಿಸಿದ ತರಂಗಕ್ಕಿಂತ ಅದು ಎಷ್ಟು ಹಿಂದುಮುಂದಾಗಿದೆ ಎಂಬುದನ್ನೂ) ಅಳೆಯುತ್ತದೆ. ಟೈನಿಎಸ್‌ಎಗೆ ಆಂಟೆನಾದ ಗೊಡವೆಯಿಲ್ಲ. ಅದು ಸ್ಪೆಕ್ಟ್ರಮ್ ಅನಲೈಸರ್. ರೇಡಿಯೊದಿಂದ ಯಾವ ಯಾವ ಆವರ್ತನಗಳಲ್ಲಿ ಎಷ್ಟೆಷ್ಟು ಹೊರಬರುತ್ತಿದೆ ಎಂಬುದನ್ನು ಹೇಳುತ್ತದೆ.

ನ್ಯಾನೋವಿಎನ್‌ಎಯ ಹೆಸರಿನಲ್ಲಿರುವ ವಿಎನ್‌ಎ, ಅಂದರೆ ವೆಕ್ಟರ್ ನೆಟ್‌ವರ್ಕ್ ಅನಲೈಸರ್, ಬಹುಕಾಲ ಪ್ರಯೋಗಾಲಯಗಳ ಸೊತ್ತಾಗಿತ್ತು. ಹವ್ಯಾಸಿಗಳ ಕೈಗೆಟುಕುತ್ತಿದ್ದುದು ಅಮೆರಿಕದ ಎಂಎಫ್‌ಜೆ-259ರಂತಹ ಆಂಟೆನಾ ಅನಲೈಸರುಗಳು. ಅವೂ ನಮ್ಮಲ್ಲಿಗೆ ಬರುವಷ್ಟರಲ್ಲಿ ಅಗ್ಗವಾಗಿ ಉಳಿಯುತ್ತಿರಲಿಲ್ಲ. ಎಡಿ555 ಎಂಬ ಅಂಕಿತದ ಜಪಾನಿನ ಹವ್ಯಾಸಿಯೊಬ್ಬರು ರೂಪಿಸಿ ಮುಕ್ತವಾಗಿ ಹಂಚಿದ ನ್ಯಾನೋವಿಎನ್‌ಎ ವಿನ್ಯಾಸವನ್ನು 2019ರ ಹೊತ್ತಿಗೆ ಚೀನಾದ ತಯಾರಕರು ದೊಡ್ಡ ಪ್ರಮಾಣದಲ್ಲಿ ಮಾಡತೊಡಗಿದ ಮೇಲೆ ಈ ಚಿತ್ರವೇ ಬದಲಾಯಿತು. ಅಗ್ಗವಾಗುವುದಕ್ಕೆ ಅದರೊಳಗಿನ ಒಂದು ಜಾಣ್ಮೆಯೂ ಕಾರಣ. ಸಂಕೇತವನ್ನು ಹುಟ್ಟಿಸುವ ಎಸ್‌ಐ5351 ಎಂಬ ಸಣ್ಣ ಚಿಪ್ಪನ್ನು ಸುಮಾರು 300 ಮೆಗಾಹರ್ಟ್ಸ್‌ವರೆಗೆ ನೇರವಾಗಿ ಬಳಸಿ, ಅದಕ್ಕಿಂತ ಮೇಲೆ, 900 ಮೆಗಾಹರ್ಟ್ಸ್‌ವರೆಗೂ, ಅದೇ ಸಂಕೇತದ ಹಾರ್ಮೋನಿಕ್‌ಗಳಿಂದ (ಮೂಲ ಆವರ್ತನದ ಎರಡು, ಮೂರು ಪಟ್ಟಿನಲ್ಲಿ ಮೂಡುವ ಸಂಕೇತಗಳಿಂದ) ಕೆಲಸ ಸಾಗಿಸುತ್ತಾರೆ. ಇದರಿಂದಾಗಿ 300ರ ಕೆಳಗೆ ಸುಮಾರು 70 ಡೆಸಿಬೆಲ್ ಇರುವ ಅಳತೆಯ ವ್ಯಾಪ್ತಿ (ಅಳೆಯಬಲ್ಲ ಅತಿ ದೊಡ್ಡ ಮತ್ತು ಅತಿ ಸಣ್ಣ ಸಂಕೇತಗಳ ನಡುವಿನ ಅಂತರ; 10 ಡೆಸಿಬೆಲ್ ಎಂದರೆ ಶಕ್ತಿಯಲ್ಲಿ ಹತ್ತು ಪಟ್ಟು) ಮೇಲೆ ಹೋದಂತೆ 50ಕ್ಕೆ, ಆಮೇಲೆ 40ಕ್ಕೆ ಇಳಿಯುತ್ತದೆ. ಫಿಲ್ಟರುಗಳನ್ನು ಅಳೆಯುವವರಿಗೆ ಇದು ಕೊರತೆಯೇ ಹೌದು. 145 ಮೆಗಾಹರ್ಟ್ಸ್‌ನ ಆಂಟೆನಾ ಕಟ್ಟುವ ನಿಮಗೆ ಅಲ್ಲ.

ಇನ್ನು ಕೆಲಸಕ್ಕೆ ಬರೋಣ. ಕಾಲು ತರಂಗದ ಕಡ್ಡಿಯ ಉದ್ದ 145 ಮೆಗಾಹರ್ಟ್ಸ್‌ನಲ್ಲಿ ಸುಮಾರು 49 ಸೆಂಟಿಮೀಟರ್. ನೀವು ಸ್ವಲ್ಪ ಉದ್ದವಾಗಿಯೇ, 51.5 ಸೆಂಟಿಮೀಟರಿಗೆ, ಕತ್ತರಿಸಿಕೊಂಡಿದ್ದೀರಿ ಎನ್ನೋಣ. ಎಸ್‌ಡಬ್ಲ್ಯೂಆರ್ ಮೀಟರ್ ಆಗ ಒಂದು ಕೆಟ್ಟ ಅಂಕಿಯನ್ನು ತೋರಿಸುತ್ತದೆಯೇ ಹೊರತು, ಕಡ್ಡಿ ಉದ್ದವಾಯಿತೋ ಗಿಡ್ಡವಾಯಿತೋ ಎಂದು ಸುಲಭವಾಗಿ ಹೇಳುವುದಿಲ್ಲ. ನ್ಯಾನೋವಿಎನ್‌ಎಯ ಪರದೆಯಲ್ಲಿ ಎಸ್‌ಡಬ್ಲ್ಯೂಆರ್ ಗೆರೆಯ ತಗ್ಗು 138 ಮೆಗಾಹರ್ಟ್ಸ್‌ನ ಬಳಿ ಕಾಣಿಸುತ್ತದೆ. ಉದ್ದವನ್ನು 138ರಿಂದ ಗುಣಿಸಿ 145ರಿಂದ ಭಾಗಿಸಿದರೆ 49 ಬರುತ್ತದೆ. ಅಂದರೆ ಎರಡೂವರೆ ಸೆಂಟಿಮೀಟರ್ ಹೆಚ್ಚಿದೆ. ಒಂದೇ ಏಟಿಗೆ ಅಷ್ಟನ್ನೂ ಕತ್ತರಿಸದೆ ಎರಡು ಕಂತಿನಲ್ಲಿ ಕತ್ತರಿಸುವುದು ಒಳ್ಳೆಯದು. ತಗ್ಗಿನ ತಳದಲ್ಲಿ ಎಸ್‌ಡಬ್ಲ್ಯೂಆರ್ 1.0 ಬರಲೇಬೇಕೆಂದು ಹಟ ಹಿಡಿಯಬೇಕಾಗಿಲ್ಲ. 1.5 ಇದ್ದರೆ ಹಿಂದಿರುಗುವುದು ನೂರಕ್ಕೆ 4 ಭಾಗ, 2 ಇದ್ದರೆ 11, 3 ಇದ್ದರೆ 25. ಒಂದೂವರೆಯ ಒಳಗೆ ಬಂದ ಆಂಟೆನಾವನ್ನು ಕೆಳಗಿಳಿಸಿ ಮತ್ತೆ ತಿದ್ದುವುದು ತಾರಸಿ ಹತ್ತಿ ಇಳಿಯುವ ವ್ಯಾಯಾಮವಷ್ಟೇ.

ಹೆಚ್ಚಿನವರು ಎಡವುವುದು ಕೇಬಲ್ಲಿನಲ್ಲಿ. ಆರ್‌ಜಿ-58ರಂತಹ ತೆಳ್ಳನೆಯ ಕೋಆಕ್ಸ್ ಕೇಬಲ್ 15 ಮೀಟರ್ ಉದ್ದವಿದ್ದರೆ 145 ಮೆಗಾಹರ್ಟ್ಸ್‌ನಲ್ಲಿ ಸುಮಾರು 3 ಡೆಸಿಬೆಲ್‌ನಷ್ಟು, ಅಂದರೆ ಅರ್ಧ ಶಕ್ತಿಯನ್ನು, ದಾರಿಯಲ್ಲೇ ನುಂಗುತ್ತದೆ. ಮೇಲೆ ಹೋಗುವಾಗ ಅರ್ಧ, ಆಂಟೆನಾದಿಂದ ತಿರುಗಿ ಬರುವಾಗ ಉಳಿದುದರಲ್ಲಿ ಮತ್ತೆ ಅರ್ಧ. ಆದ್ದರಿಂದ ಮೇಲೆ ಆಂಟೆನಾದ ಬುಡದಲ್ಲಿ ಎಸ್‌ಡಬ್ಲ್ಯೂಆರ್ 3 ಇದ್ದರೂ ಕೆಳಗೆ ಕೋಣೆಯಲ್ಲಿ ಅದು ಸುಮಾರು 1.7 ಎಂದು ಕಾಣುತ್ತದೆ. ಆಂಟೆನಾ ಕಳಚಿ ಬಿದ್ದೇ ಹೋಗಿದ್ದರೂ ಕೆಳಗಿನ ಅಂಕಿ 3ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಹಳೆಯ, ನೀರು ಹೊಕ್ಕ ಕೇಬಲ್ ಇದ್ದಷ್ಟೂ ಎಸ್‌ಡಬ್ಲ್ಯೂಆರ್ ಚೆನ್ನಾಗಿ ಕಾಣುವುದು ಈ ಹವ್ಯಾಸದ ಹಳೆಯ ತಮಾಷೆಗಳಲ್ಲೊಂದು. ಎಸ್‌ಡಬ್ಲ್ಯೂಆರ್ ಮೀಟರನ್ನೇ ನಂಬಿದವರಿಗೆ ಇದು ಗೊತ್ತಾಗುವ ದಾರಿ ಕಡಿಮೆ. ನ್ಯಾನೋವಿಎನ್‌ಎ ಇದ್ದರೆ ಕೇಬಲ್ಲಿನ ಮೇಲಿನ ತುದಿಯನ್ನು ಬಿಚ್ಚಿ ತೆರೆದಿಟ್ಟು, ಕೆಳಗಿನಿಂದ ರಿಟರ್ನ್ ಲಾಸ್ (ಕಳಿಸಿದ್ದಕ್ಕಿಂತ ಹಿಂದಿರುಗಿದ್ದು ಎಷ್ಟು ಡೆಸಿಬೆಲ್ ಕಡಿಮೆ ಎಂಬುದನ್ನು) ಅಳೆದು, ಬಂದ ಡೆಸಿಬೆಲ್ ಅಂಕಿಯನ್ನು ಎರಡರಿಂದ ಭಾಗಿಸಿದರೆ ಕೇಬಲ್ ಒಂದು ದಾರಿಗೆ ನುಂಗುತ್ತಿರುವುದೆಷ್ಟು ಎಂಬುದು ಸಿಗುತ್ತದೆ. ಈ ಒಂದು ಅಳತೆಗಾಗಿಯೇ ಅದನ್ನು ಕೊಳ್ಳಬಹುದು ಎಂಬುದು ನನ್ನ ಅಭಿಪ್ರಾಯ.

ಅಳತೆ ನಿಜವಾಗಬೇಕಾದರೆ ಕ್ಯಾಲಿಬ್ರೇಶನ್ (ಬೆಲೆ ಗೊತ್ತಿರುವ ತುಣುಕುಗಳನ್ನು ಅಳೆಸಿ ಸಾಧನವನ್ನು ಹೊಂದಿಸುವುದು) ಆಗಬೇಕು. ಪೆಟ್ಟಿಗೆಯೊಂದಿಗೆ ಬರುವ ಓಪನ್, ಶಾರ್ಟ್ ಮತ್ತು 50 ಓಮ್‌ನ ಲೋಡ್ ಎಂಬ ಮೂರು ಪುಟ್ಟ ತುಣುಕುಗಳು ಬಿಡಿಭಾಗಗಳಂತೆ ಕಂಡರೂ ಸಾಧನದ ಅರ್ಧ ಮೌಲ್ಯ ಅವುಗಳಲ್ಲೇ ಇದೆ. ಮೊದಲು ಅಳೆಯಬೇಕಾದ ಆವರ್ತನದ ವ್ಯಾಪ್ತಿಯನ್ನು, ಉದಾಹರಣೆಗೆ 130ರಿಂದ 160 ಮೆಗಾಹರ್ಟ್ಸ್ ಎಂದು, ನಿಗದಿ ಮಾಡಿ, ಆಮೇಲೆ ಈ ಮೂರನ್ನೂ ಒಂದೊಂದಾಗಿ ಜೋಡಿಸಿ ಕ್ಯಾಲಿಬ್ರೇಶನ್ ಮುಗಿಸಿ ಉಳಿಸಿಕೊಳ್ಳಬೇಕು. ಅಳೆಯುವಾಗ ನಡುವೆ ತುಂಡು ಕೇಬಲ್ ಬಳಸುವುದಾದರೆ ತುಣುಕುಗಳನ್ನು ಆ ಕೇಬಲ್ಲಿನ ತುದಿಗೇ ಸಿಕ್ಕಿಸಬೇಕು. ವ್ಯಾಪ್ತಿ ಬದಲಾದರೆ ಮತ್ತೆ ಮೊದಲಿನಿಂದ ಮಾಡುವುದು ಕ್ಷೇಮ. ನಾನು ಮೊದಲ ಸಲ ಇದನ್ನು ಕೈಗೆತ್ತಿಕೊಂಡಾಗ ಪೂರ್ಣ ವ್ಯಾಪ್ತಿಯಲ್ಲೇ ಅಳೆದು, ತಗ್ಗು ತಪ್ಪಾದ ಜಾಗದಲ್ಲಿದೆಯೆಂದು ಒಂದು ಒಳ್ಳೆಯ ಹಿತ್ತಾಳೆ ಕಡ್ಡಿಯನ್ನು ವೃಥಾ ಗಿಡ್ಡ ಮಾಡಿಬಿಟ್ಟೆ. ಮೂಲ ನ್ಯಾನೋವಿಎನ್‌ಎ ಒಂದು ಸುತ್ತಿನಲ್ಲಿ ಅಳೆಯುವುದು 101 ಬಿಂದುಗಳಲ್ಲಿ; 900 ಮೆಗಾಹರ್ಟ್ಸ್‌ನ ಉದ್ದಕ್ಕೂ ಅವನ್ನು ಹರಡಿದರೆ ಬಿಂದುವಿನಿಂದ ಬಿಂದುವಿಗೆ 9 ಮೆಗಾಹರ್ಟ್ಸ್ ಅಂತರ. ನಮ್ಮ ಎರಡು ಮೀಟರ್ ಬ್ಯಾಂಡ್ 144ರಿಂದ 146ರವರೆಗಿನ ಬರೀ 2 ಮೆಗಾಹರ್ಟ್ಸ್ ಅಗಲದ್ದು. ಇಡೀ ಬ್ಯಾಂಡ್ ಎರಡು ಬಿಂದುಗಳ ನಡುವಿನ ಸಂದಿಯಲ್ಲಿ ಮಾಯವಾಗಬಲ್ಲದು ಎಂಬುದು ನನಗೆ ಆಗ ಹೊಳೆದಿರಲಿಲ್ಲ.

ಕ್ಯಾಲಿಬ್ರೇಶನ್ ಸರಿಯಾಗಿದೆಯೇ ಎಂದು ನೋಡಲು ದುಬಾರಿ ಉಪಕರಣ ಬೇಡ. ಬೆಂಗಳೂರಿನ ಎಸ್‌.ಪಿ. ರಸ್ತೆಯಂತಹ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ 100 ಓಮ್‌ನ ಒಂದು ರೆಸಿಸ್ಟರನ್ನು, ಕಾಲುಗಳನ್ನು ಆದಷ್ಟು ಗಿಡ್ಡವಾಗಿ ಕತ್ತರಿಸಿ, ಎಸ್‌ಎಂಎ ಕನೆಕ್ಟರಿಗೆ (ನ್ಯಾನೋವಿಎನ್‌ಎಯಲ್ಲಿರುವ ಬಗೆಯ ಸಣ್ಣ ತಿರುಪಿನ ಕನೆಕ್ಟರ್) ಬೆಸುಗೆ ಹಾಕಿಟ್ಟುಕೊಳ್ಳಿ. ಅದು ಎಸ್‌ಡಬ್ಲ್ಯೂಆರ್ 2 ತೋರಿಸಬೇಕು. ಅದರ ಪಕ್ಕದಲ್ಲಿ ಅಂಥದ್ದೇ ಇನ್ನೊಂದನ್ನು ಸಮಾಂತರವಾಗಿ ಸೇರಿಸಿದರೆ 1ರ ಹತ್ತಿರಕ್ಕೆ ಬರಬೇಕು.

ಹ್ಯಾಂಡಿಯ ರಬ್ಬರ್ ಆಂಟೆನಾವನ್ನು ಬಿಚ್ಚಿ ಸೀದಾ ನ್ಯಾನೋವಿಎನ್‌ಎಗೆ ಸಿಕ್ಕಿಸಿ, ಎಸ್‌ಡಬ್ಲ್ಯೂಆರ್ ಕೆಟ್ಟದಾಗಿದೆಯೆಂದು ಗಾಬರಿಪಡುವವರೂ ಇದ್ದಾರೆ. ಆ ಆಂಟೆನಾದ ಇನ್ನೊಂದು ಅರ್ಧ ಎಂದರೆ ರೇಡಿಯೊದ ಮೈ ಮತ್ತು ಅದನ್ನು ಹಿಡಿದ ನಿಮ್ಮ ಕೈ. ಅವೆರಡನ್ನೂ ಬದಲಿಸಿದ ಮೇಲೆ ನೀವು ಅಳೆಯುತ್ತಿರುವುದು ಬೇರೆಯೇ ಒಂದು ಆಂಟೆನಾ. ಹಾಗೆಯೇ ಎಫ್‌ಎಂ ಪ್ರಸಾರ ಗೋಪುರದ ಸನಿಹದಲ್ಲಿ ಮನೆಯಿರುವವರ ಪರದೆಯ ಗೆರೆ ಹಲ್ಲುಹಲ್ಲಾಗಿ ನಡುಗುವುದುಂಟು. ಹೊರಗಿನ ಬಲವಾದ ಸಂಕೇತವನ್ನು ತಡೆಯುವ ಫಿಲ್ಟರ್ ಈ ಸಾಧನದಲ್ಲಿಲ್ಲ.

ಟೈನಿಎಸ್‌ಎ ಯಾವಾಗ ಬೇಕಾಗುತ್ತದೆ? ನಿಮ್ಮ ರೇಡಿಯೊ ಶುದ್ಧವಾಗಿ ಪ್ರಸಾರ ಮಾಡುತ್ತಿದೆಯೇ ಎಂಬ ಸಂದೇಹ ಬಂದಾಗ, ಅಥವಾ ನೀವೇ ಟ್ರಾನ್ಸ್‌ಮಿಟರ್ ಕಟ್ಟತೊಡಗಿದಾಗ. ನೆದರ್‌ಲೆಂಡ್ಸ್‌ನ ಎರಿಕ್ ಕಾಶೂಕ್ ಅವರು ರೂಪಿಸಿ 2020ರಲ್ಲಿ ಹೊರಬಂದ ಈ ಸಾಧನ ಒಂದು ಇನ್‌ಪುಟ್‌ನಲ್ಲಿ 0.1ರಿಂದ 350 ಮೆಗಾಹರ್ಟ್ಸ್‌ವರೆಗೂ ಇನ್ನೊಂದರಲ್ಲಿ 240ರಿಂದ 960ರವರೆಗೂ ನೋಡಬಲ್ಲದು. 145ರಲ್ಲಿ ಮಾತನಾಡುವ ಅಗ್ಗದ ಹ್ಯಾಂಡಿಯ ಎರಡನೆಯ ಹಾರ್ಮೋನಿಕ್ 290ರಲ್ಲಿ, ಮೂರನೆಯದು 435ರಲ್ಲಿ ಕಾಣಿಸುತ್ತವೆ. ಈ ಮೂರನೆಯದು ನಮ್ಮದೇ 434–438ರ ಬ್ಯಾಂಡಿನೊಳಗೆ ಬಂದು ಕೂರುತ್ತದೆ. ಅಮೆರಿಕದ ನಿಯಮ ಇಂತಹ ಸಣ್ಣ ಸೆಟ್ಟಿನ ಬೇಡದ ಪ್ರಸಾರವನ್ನು 25 ಮೈಕ್ರೋವಾಟ್‌ಗೆ ಮಿತಿಗೊಳಿಸುತ್ತದೆ. 5 ವಾಟ್‌ಗೆ ಹೋಲಿಸಿದರೆ ಅದು 53 ಡೆಸಿಬೆಲ್ ಕೆಳಗೆ. ಅಷ್ಟು ವ್ಯತ್ಯಾಸವನ್ನು ಕಣ್ಣಾರೆ ಕಾಣಬೇಕಾದರೆ ಟೈನಿಎಸ್‌ಎಯೇ ಬೇಕು.

ಆದರೆ ಅದನ್ನು ಸುಟ್ಟುಹಾಕಲು ಒಂದು ಕ್ಷಣ ಸಾಕು. ಅದರ ಇನ್‌ಪುಟ್ ತಾಳಿಕೊಳ್ಳುವುದು ಹೆಚ್ಚೆಂದರೆ 10 ಮಿಲಿವಾಟ್. ನಿಮ್ಮ ಹ್ಯಾಂಡಿ ಹೊರಹಾಕುವುದು ಅದರ 500 ಪಟ್ಟು. ನಡುವೆ 40 ಡೆಸಿಬೆಲ್‌ಗೆ ಕಡಿಮೆಯಿಲ್ಲದ, 5 ವಾಟ್‌ಗಿಂತ ಹೆಚ್ಚಿನ ಬಿಸಿಯನ್ನು ತಡೆಯಬಲ್ಲ ಅಟೆನ್ಯುಯೇಟರ್ (ಸಂಕೇತವನ್ನು ತಗ್ಗಿಸುವ ತುಣುಕು) ಇರಲೇಬೇಕು. ಬೆರಳುಗಾತ್ರದ ಅಗ್ಗದ ಅಟೆನ್ಯುಯೇಟರುಗಳು ಬಹುಮಟ್ಟಿಗೆ ಒಂದೆರಡು ವಾಟ್‌ನವು, ಮೈಮೇಲೆ ಬರೆದಿರುವುದನ್ನು ಓದಿ ಕೊಳ್ಳಿ. ನ್ಯಾನೋವಿಎನ್‌ಎಗೆ ಜೋಡಿಸಿದ ಆಂಟೆನಾದ ಪಕ್ಕದಲ್ಲೇ ನಿಂತು ಹ್ಯಾಂಡಿಯ ಪಿಟಿಟಿ (ಪ್ರಸಾರದ ಗುಂಡಿ) ಒತ್ತುವುದೂ ಅದೇ ಬಗೆಯ ಅಪಾಯ.

ಹೀಗಾಗಿ ಈಗ ನ್ಯಾನೋವಿಎನ್‌ಎ, ಜೊತೆಗೆ ಎಸ್‌ಎಂಎಯಿಂದ ನಿಮ್ಮ ಕೇಬಲ್ಲಿನ ಕನೆಕ್ಟರಿಗೆ ಹೋಗುವ ಅಡಾಪ್ಟರುಗಳನ್ನು ಕೊಳ್ಳಿ. ಹಲವು ಅಗ್ಗದ ಹ್ಯಾಂಡಿಗಳಲ್ಲಿ ರೇಡಿಯೊದ ಮೇಲೆ ಗಂಡು ಕನೆಕ್ಟರ್, ಆಂಟೆನಾದಲ್ಲಿ ಹೆಣ್ಣು ಕನೆಕ್ಟರ್ ಇರುವುದರಿಂದ, ಎರಡೂ ಕಡೆ ಗಂಡಾಗಿರುವ ಒಂದು ಜೋಡಣೆಯೂ ಬೇಕಾದೀತು. ಮುಂದೆ ಹಣ ಕೂಡಿದಾಗ ಮೊದಲು ಅಟೆನ್ಯುಯೇಟರ್, ಆಮೇಲೆ ಟೈನಿಎಸ್‌ಎ, ಇದೇ ಕ್ರಮದಲ್ಲಿ. ಟೈನಿಎಸ್‌ಎಗೆ ನಕಲುಗಳಿರುವುದರಿಂದ, ಅದು ಕೈಗೆ ಬಂದ ದಿನವೇ ಅದರ ಎರಡು ಪೋರ್ಟುಗಳ ನಡುವೆ ಜೊತೆಗೆ ಬಂದ ಕೇಬಲ್ಲನ್ನು ಸಿಕ್ಕಿಸಿ, ಮೆನುವಿನಲ್ಲಿರುವ ಸೆಲ್ಫ್ ಟೆಸ್ಟನ್ನು ಓಡಿಸಿ. ಅದರಲ್ಲಿ ನಪಾಸಾದ ಸಾಧನವನ್ನು ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನವೇ ಮರಳಿಸಿಬಿಡಿ.