ಜಾಮಿಗೆ ಮೆಣಸಿನಕಾಯಿ ಬಿದ್ದಾಗ ಏನೇನು ಬದಲಾಗುತ್ತದೆ

ಬರೀ ಹಣ್ಣಿನ ಜಾಮ್ ಮಾಡಿ ಕೈ ಪಳಗಿದವರೂ ಅದಕ್ಕೆ ಮೆಣಸಿನಕಾಯಿ ಸೇರಿಸಿದ ಕೂಡಲೇ ಎಡವುತ್ತಾರೆ. ನಾನೂ ಎಡವಿದ್ದೇನೆ. ಒಂದು ಹಿಡಿ ಮೆಣಸಿನಕಾಯಿ ತಾನೇ, ಹೆಚ್ಚಿ ಹಾಕಿದರಾಯಿತು ಅಂದುಕೊಂಡಿದ್ದೆ. ಆದರೆ ಜಾಮ್ ಗಟ್ಟಿಯಾಗಲು, ಕೆಡದೆ ಉಳಿಯಲು ಮೂರು ಬೇಕು: ಹುಳಿ, ಸಕ್ಕರೆ, ಮತ್ತೆ ಹಣ್ಣಿನಲ್ಲಿರುವ ಅಂಟಿನಂಥ ಪೆಕ್ಟಿನ್. ಈ ಮೂರರಲ್ಲಿ ಯಾವುದನ್ನೂ ಮೆಣಸಿನಕಾಯಿ ಹೇಳಿಕೊಳ್ಳುವಷ್ಟು ತರುವುದಿಲ್ಲ. ಖಾರ ತರುತ್ತದೆ, ಜೊತೆಗೆ ಒಂದಷ್ಟು ನೀರು. ಮಿಕ್ಕಿದ್ದನ್ನೆಲ್ಲ ನಾವೇ ಹೊಂದಿಸಬೇಕು. ಈ ತಿನಿಸಿನಲ್ಲಿ ಬರುವ ತೊಂದರೆಗಳೆಲ್ಲ ಹೆಚ್ಚುಕಮ್ಮಿ ಇಲ್ಲಿಂದಲೇ ಶುರು.

ಹುಳಿ ಬರೀ ರುಚಿಗಲ್ಲ

ಹುಳಿಯನ್ನು ಪಿಎಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ನೆನಪಿಡಬೇಕಾದ ಅಂಕಿ 4.6. ಅದಕ್ಕಿಂತ ಮೇಲಿದ್ದರೆ, ಗಾಳಿಯಾಡದಂತೆ ಮುಚ್ಚಿದ ಬಾಟಲಿಯೊಳಗೆ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಮಾಡಬಹುದು. ಇದರ ಬೀಜಕಗಳು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಹಾಗಾಗಿ ಎಷ್ಟು ಹೊತ್ತು ಕುದಿಸಿದಿರಿ ಅನ್ನುವುದು ಇಲ್ಲಿ ಕಾಯುವುದಿಲ್ಲ, ಹುಳಿ ಕಾಯುತ್ತದೆ. ಹುಳಿ ಸಾಕಷ್ಟಿದ್ದರೆ ಬೀಜಕ ಸಾಯದಿದ್ದರೂ ಮೊಳೆಯುವುದಿಲ್ಲ. ವಿಷ ಸೇರಿದ ಜಾಮ್ ನೋಡಲು, ಮೂಸಲು ಸರಿಯಾಗೇ ಇರಬಹುದು, ಅದೇ ಭಯ.

ಅನಾನಸ್‌ನ ಪಿಎಚ್ ಸಾಮಾನ್ಯವಾಗಿ 4ರ ಒಳಗೇ ಇರುತ್ತದೆ. ಸೇಬು, ಪ್ಲಮ್, ಹುಳಿ ಇರುವ ಬೆರಿ ಹಣ್ಣುಗಳೂ ಹಾಗೆಯೇ. ಪಪಾಯ, ಕಲ್ಲಂಗಡಿ, ಚೆನ್ನಾಗಿ ಕಳಿತ ಬಾಳೆಹಣ್ಣು, ಅಂಜೂರ ಹಾಗಲ್ಲ, ಅವು 4.6ರ ಆಸುಪಾಸು ಅಥವಾ ಮೇಲೆ. ದೊಣ್ಣೆ ಮೆಣಸಿನಕಾಯಿ ಸುಮಾರು 5. ಖಾರದ ಮೆಣಸಿನಕಾಯಿಯೂ ಅದೇ ಗುಂಪು. ನಾಲಿಗೆಗೆ ಚುರುಕು ಅನಿಸಿದ ಮಾತ್ರಕ್ಕೆ ಅದು ಹುಳಿಯಲ್ಲ. ಖಾರ ಬೇರೆ, ಹುಳಿ ಬೇರೆ. ಇದನ್ನು ಬೇರೆಬೇರೆ ಮಾಡಿ ನೋಡದೇ ಹೋದರೆ ಮುಂದಿನದು ಯಾವುದೂ ತಲೆಗೆ ಹತ್ತುವುದಿಲ್ಲ.

ಅದಕ್ಕೇ ಈ ಜಾಮಿಗೆ ವಿನೆಗರ್ ಅಥವಾ ನಿಂಬೆರಸ ಬೀಳುವುದು. ವಿನೆಗರ್ ಆದರೆ ಬಾಟಲಿಯ ಮೇಲೆ ಆಮ್ಲ 5% ಎಂದು ಬರೆದಿರಬೇಕು. ನಿಂಬೆಗೆ ಬಂದರೆ ಹಣ್ಣಿಂದ ಹಣ್ಣಿಗೆ ಹುಳಿ ಬೇರೆ. ಹಾಗಾಗಿ ತಿಂಗಳುಗಟ್ಟಲೆ ಹೊರಗಿಡುವ ಜಾಮಿಗೆ ಬಾಟಲಿಯಲ್ಲಿ ಬರುವ ನಿಂಬೆರಸವನ್ನೇ ಬಳಸಿ ಅನ್ನುತ್ತಾರೆ, ಅದರ ಹುಳಿ ಒಂದೇ ಸಮ ಇರುತ್ತದೆ.

ನನ್ನ ಮೊದಲ ಪ್ರಯತ್ನದಲ್ಲಿ ವಿನೆಗರ್ ವಾಸನೆ ಮೂಗಿಗೆ ಹೊಡೆಯಿತು ಅಂತ ಅರ್ಧಕ್ಕರ್ಧ ಕಡಿಮೆ ಹಾಕಿದೆ. ರುಚಿಗೆ ತಾನೇ ಅಂದುಕೊಂಡೆ. ಜಾಮ್ ಹೆಪ್ಪುಗಟ್ಟಲೇ ಇಲ್ಲ. ಮೂರು ದಿನ ಬಾಟಲಿ ಓರೆ ಮಾಡಿ ನೋಡಿದ್ದೇ ನೋಡಿದ್ದು, ಕೆಂಪು ಚೂರುಗಳು ತೇಲುವ ಸಿಹಿ ನೀರು ಆ ಕಡೆಯಿಂದ ಈ ಕಡೆಗೆ ಓಡುತ್ತಿತ್ತು. ಹುಳಿ ಇಲ್ಲದಿದ್ದರೆ ಜಾಮ್ ಕೆಡಬಹುದು, ಸರಿ. ಆದರೆ ಗಟ್ಟಿಯಾಗದ್ದಕ್ಕೂ ಹುಳಿಗೂ ಏನು ಸಂಬಂಧ? ಅದು ಗೊತ್ತಾಗಬೇಕಾದರೆ ಪೆಕ್ಟಿನ್ ಹತ್ತಿರ ಹೋಗಬೇಕು.

ಪೆಕ್ಟಿನ್ ಹೇಗೆ ಕೈ ಹಿಡಿಯುತ್ತದೆ

ಪೆಕ್ಟಿನ್ ಅಂದರೆ ಹಣ್ಣಿನ ಕೋಶಗಳನ್ನು ಒಂದಕ್ಕೊಂದು ಅಂಟಿಸಿಡುವ ಉದ್ದನೆಯ ಸರಪಳಿ. 1825ರಲ್ಲಿ ಫ್ರಾನ್ಸಿನ ಹೆನ್ರಿ ಬ್ರಾಕೊನೊ ಇದನ್ನು ಬೇರ್ಪಡಿಸಿ ಹೆಸರಿಟ್ಟರು. ನೀರಿನಲ್ಲಿ ಈ ಸರಪಳಿಗಳು ಹರಡಿಕೊಂಡಿರುತ್ತವೆ. ಒಂದೊಂದರ ಮೇಲೂ ಋಣ ವಿದ್ಯುದಂಶ ಇರುವುದರಿಂದ ಒಂದನ್ನೊಂದು ತಳ್ಳುತ್ತವೆ, ಹತ್ತಿರ ಬರುವುದಿಲ್ಲ. ಹುಳಿ ಸೇರಿದಾಗ ಆ ತಳ್ಳಾಟ ನಿಲ್ಲುತ್ತದೆ. ಆದರೂ ಸುತ್ತ ನೀರು ಕವಿದುಕೊಂಡಿರುತ್ತದೆಯಲ್ಲ, ಅದನ್ನು ಎಳೆದುಕೊಳ್ಳುವ ಕೆಲಸ ಸಕ್ಕರೆಯದು. ತಳ್ಳಾಟ ನಿಂತು, ನೀರೂ ಸರಿದಾಗ ಸರಪಳಿಗಳು ಒಂದಕ್ಕೊಂದು ಸಿಕ್ಕಿಕೊಂಡು ಬಲೆಯಾಗುತ್ತವೆ. ಉಳಿದ ನೀರು ಆ ಬಲೆಯೊಳಗೆ ಸಿಕ್ಕಿ ನಿಲ್ಲುತ್ತದೆ. ಇದೇ ಹೆಪ್ಪು.

ಹಾಗಾಗಿ ಹುಳಿ ಎರಡು ಕೆಲಸ ಮಾಡುತ್ತದೆ. ಕೆಡದಂತೆ ಕಾಯಲು ಪಿಎಚ್ 4.6ರ ಕೆಳಗೆ ಬೇಕು. ಹೆಪ್ಪುಗಟ್ಟಲು ಅಷ್ಟೂ ಸಾಲದು, ಸುಮಾರು 2.8ರಿಂದ 3.5ರ ನಡುವೆ ಇರಬೇಕು. ಸಾಮಾನ್ಯ ಪೆಕ್ಟಿನ್‌ಗೆ ಸಕ್ಕರೆಯೂ ಒಟ್ಟು ತೂಕದ 60ರಿಂದ 65% ಹತ್ತಿರ ಬೇಕು. ಅರ್ಧ ವಿನೆಗರ್ ಹಾಕಿದ ನನ್ನ ಜಾಮ್ ಎಲ್ಲಿ ಸೋತಿತು ಈಗ ಗೊತ್ತಾಯಿತಲ್ಲ. ಸಕ್ಕರೆ ಕಡಿಮೆ ಬೇಕು ಅನ್ನುವವರು ಈ ಪೆಕ್ಟಿನ್ ಬಿಟ್ಟು, ಕ್ಯಾಲ್ಸಿಯಂ ಸೇರಿದಾಗ ಗಟ್ಟಿಯಾಗುವ ಇನ್ನೊಂದು ಬಗೆಯದನ್ನು ತರಬೇಕು. ಸುಮ್ನೆ ಸಕ್ಕರೆ ಇಳಿಸಿದರೆ ಪಾಕವೂ ಅಲ್ಲ, ಜಾಮೂ ಅಲ್ಲ.

ಸೇಬು, ಸೀಬೆ, ಕಿತ್ತಳೆ ಜಾತಿಯ ಸಿಪ್ಪೆಯಲ್ಲಿ ಪೆಕ್ಟಿನ್ ಬೇಕಾದಷ್ಟಿದೆ. ಅನಾನಸ್, ಸ್ಟ್ರಾಬೆರಿ, ಪೀಚ್‌ನಲ್ಲಿ ಕಡಿಮೆ, ಪೆಕ್ಟಿನ್ ಪುಡಿ ಹಾಕಲೇಬೇಕು. ಪುಡಿಯನ್ನು ನೇರವಾಗಿ ಬಿಸಿ ರಸಕ್ಕೆ ಸುರಿದರೆ ಗಂಟು ಕಟ್ಟುತ್ತದೆ, ಆಮೇಲೆ ಏನು ಮಾಡಿದರೂ ಕರಗದು. ಅದರ ನಾಲ್ಕೈದು ಪಟ್ಟು ಸಕ್ಕರೆಯಲ್ಲಿ ಬೆರೆಸಿ ಉದುರಿಸಬೇಕು. ಅಂದಹಾಗೆ, ಅನಾನಸ್‌ನ ಕಿಣ್ವ ಹೆಪ್ಪು ಕೆಡಿಸುತ್ತದೆ ಅನ್ನುವ ಮಾತು ಜೆಲಟಿನ್‌ಗೆ ಮಾತ್ರ ಸರಿ. ಜೆಲಟಿನ್ ಪ್ರೋಟೀನು, ಪೆಕ್ಟಿನ್ ಅಲ್ಲ. ಕುದಿಸಿದ ಮೇಲೆ ಆ ಕಿಣ್ವವೂ ಉಳಿಯುವುದಿಲ್ಲ.

ಒಂದು ಲೆಕ್ಕ, ತಕ್ಕಡಿ ಹಿಡಿದು

ಯಾವಾಗ ಇಳಿಸಬೇಕು? ಎಲ್ಲರೂ ಕೇಳುವ ಪ್ರಶ್ನೆ ಇದೇ. ನನಗೆ ಹೆಚ್ಚು ನಂಬಿಕೆ ತಕ್ಕಡಿಯ ಮೇಲೆ. ಒಲೆಗೆ ಇಡುವ ಮೊದಲು ಖಾಲಿ ಪಾತ್ರೆ ತೂಗಿ ಬರೆದುಕೊಳ್ಳಿ.

ಹೆಚ್ಚಿದ ಅನಾನಸ್ 600 ಗ್ರಾಂ. ಕೆಂಪು ದೊಣ್ಣೆ ಮೆಣಸಿನಕಾಯಿ 100 ಗ್ರಾಂ, ಖಾರದ್ದು 30 ಗ್ರಾಂ, ಎರಡೂ ಸಣ್ಣಗೆ ಹೆಚ್ಚಿದ್ದು. ಸಕ್ಕರೆ 450 ಗ್ರಾಂ. 5% ವಿನೆಗರ್ 100 ಮಿ.ಲೀ. ಪೆಕ್ಟಿನ್ ಪುಡಿ 8 ಗ್ರಾಂ. ಎಲ್ಲ ಸೇರಿ ಸುಮಾರು 1,288 ಗ್ರಾಂ.

ಇದರಲ್ಲಿ ಆವಿಯಾಗದೆ ಉಳಿಯುವುದೆಷ್ಟು? ಅನಾನಸ್‌ನಲ್ಲಿ ಕರಗಿದ ಸಕ್ಕರೆ ಮತ್ತಿತರ ಅಂಶ 13% ಎಂದಿಟ್ಟುಕೊಂಡರೆ 78 ಗ್ರಾಂ. ಮೆಣಸಿನಕಾಯಿಯಿಂದ ಅಂದಾಜು 10. ಹಾಕಿದ ಸಕ್ಕರೆ 450, ಪೆಕ್ಟಿನ್ 8. ಒಟ್ಟು 546 ಗ್ರಾಂ. ಇದು ಜಾಮಿನ 65% ಆಗಬೇಕು. 546ನ್ನು 0.65ರಿಂದ ಭಾಗಿಸಿ: 840. ಅಂದರೆ ಜಾಮ್ 840 ಗ್ರಾಂಗೆ ಇಳಿಯುವವರೆಗೆ ಕುದಿಯಬೇಕು, ಹತ್ತಿರ ಹತ್ತಿರ 450 ಗ್ರಾಂ ನೀರು ಹೋಗಬೇಕು. ಪಾತ್ರೆ ಸಮೇತ ಎತ್ತಿ ತಕ್ಕಡಿಗೆ ಇಟ್ಟು ನೋಡಿ, ಮತ್ತೆ ಒಲೆಗೆ ಇಡಿ. ತಕ್ಕಡಿ ಸುಡದಂತೆ ಕೆಳಗೆ ಮರದ ಹಲಗೆ ಇರಲಿ.

ಈ ಅಳತೆ ಲೆಕ್ಕ ಕಲಿಯಲಿಕ್ಕೆ ಕೊಟ್ಟದ್ದು. ಇದರಲ್ಲಿ ಮಾಡಿದ್ದನ್ನು ಫ್ರಿಜ್‌ನಲ್ಲಿಟ್ಟು ತಿನ್ನಿ. ಹೊರಗಿಡುವುದಾದರೆ ಪಿಎಚ್ ಪರೀಕ್ಷೆ ಆಗಿರುವ ಪಾಕವಿಧಾನವನ್ನೇ ಹಿಡಿಯಿರಿ. ಅಂಥದ್ದರಲ್ಲಿ ಮೆಣಸಿನಕಾಯಿಯ ಜಾತಿ ಬದಲಿಸಬಹುದು, ಖಾರದ್ದರ ಬದಲು ಸಪ್ಪೆಯದು, ಸಪ್ಪೆಯದರ ಬದಲು ಖಾರದ್ದು. ಒಟ್ಟು ತೂಕ ಮಾತ್ರ ಏರಕೂಡದು. ವಿನೆಗರ್ ಇಳಿಸಕೂಡದು. ಹುಳಿ ಜಾಸ್ತಿ ಅನಿಸಿದರೆ ಸ್ವಲ್ಪ ಸಕ್ಕರೆ ಸೇರಿಸಿ ಸರಿದೂಗಿಸಬೇಕು. ಬೆಳ್ಳುಳ್ಳಿ, ಈರುಳ್ಳಿ ಇರಲಿ ಅಂತ ಅಂದಾಜಿನಲ್ಲಿ ಹಾಕುವುದೂ ಬೇಡ, ಅವುಗಳಲ್ಲೂ ಹುಳಿ ಇಲ್ಲ.

ಥರ್ಮಾಮೀಟರ್ ಇದ್ದವರಿಗೆ ಸಮುದ್ರಮಟ್ಟದಲ್ಲಿ 104ರಿಂದ 105 ಡಿಗ್ರಿ ಸೆಲ್ಸಿಯಸ್. ಎತ್ತರದ ಊರಿನಲ್ಲಿ ನೀರೇ ಬೇಗ ಕುದಿಯುತ್ತದೆ, ಪ್ರತಿ 300 ಮೀಟರಿಗೆ ಸುಮಾರು 1 ಡಿಗ್ರಿ ಕಡಿಮೆ. ಆದ್ದರಿಂದ ನಿಮ್ಮಲ್ಲಿ ನೀರು ಎಷ್ಟಕ್ಕೆ ಕುದಿಯುತ್ತದೋ ಅದಕ್ಕೆ 4–5 ಡಿಗ್ರಿ ಕೂಡಿಸಿ. ಪಾತ್ರೆ ಅಗಲವಾಗಿರಲಿ, ಸ್ಟೀಲಿನದಾಗಿರಲಿ, ಅಲ್ಯೂಮಿನಿಯಂ ಹುಳಿಗೆ ಆಗಿಬರುವುದಿಲ್ಲ. ಒಂದೇ ಸಲ ಎರಡು ಪಟ್ಟು ಮಾಡಲು ಹೋಗಬೇಡಿ. ನೀರು ಹೋಗಲು ಹೊತ್ತು ಹಿಡಿದು, ಅಷ್ಟರಲ್ಲಿ ಪೆಕ್ಟಿನ್ ಸರಪಳಿಗಳೇ ತುಂಡಾಗುತ್ತವೆ.

ಖಾರ ಸುಳ್ಳು ಹೇಳುತ್ತದೆ

ಬೀಜ ತೆಗೆದರೆ ಖಾರ ಹೋಗುತ್ತದೆ ಅನ್ನುವುದು ಅರ್ಧ ನಿಜ. ಖಾರ ಕೊಡುವ ಕ್ಯಾಪ್ಸೈಸಿನ್ ಹುಟ್ಟುವುದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಬೀಜ ಕೆರೆಯುವಾಗ ತಿರುಳೂ ಹೋಗುತ್ತದೆ, ಹೆಸರು ಬೀಜಕ್ಕೆ ಬರುತ್ತದೆ. ಖಾರ ಹದವಾಗಿ ಬೇಕಿದ್ದರೆ ತಿರುಳು ಎಷ್ಟು ಉಳಿಸಬೇಕು ಅಂತ ನೋಡಿ.

ಖಾರ ಅಳೆಯುವ ಮಾಪನವನ್ನು 1912ರಲ್ಲಿ ಹೊರತಂದವರು ವಿಲ್ಬರ್ ಸ್ಕೋವಿಲ್. ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳುಮಾಡುತ್ತಾ ಹೋಗಿ, ಖಾರ ಗೊತ್ತಾಗದ ಹಂತಕ್ಕೆ ಎಷ್ಟು ಪಟ್ಟು ಬೇಕಾಯಿತು ಅಂತ ಎಣಿಸಿದರು. ನೋಡಿ, ಮಾಪನ ಹುಟ್ಟಿದ್ದೇ ಸಿಹಿನೀರಿನಲ್ಲಿ. ದೊಣ್ಣೆ ಮೆಣಸಿನಕಾಯಿ ಸೊನ್ನೆ, ಹಲಪೆನ್ಯೊ 2,500ರಿಂದ 8,000, ಹಬನೆರೊ 1 ಲಕ್ಷದಿಂದ 3.5 ಲಕ್ಷ. ಒಂದೇ ಜಾತಿಯೊಳಗೇ ಅಂತರ ಎಷ್ಟಿದೆ ಗಮನಿಸಿ. ಹೋದ ಸಲದ ಅಳತೆ ಈ ಸಲ ಹೊಂದುತ್ತದೆ ಅನ್ನುವ ಭರವಸೆ ಇಲ್ಲ. ಹೆಚ್ಚುವ ಮೊದಲು ಚೂರೇ ಚೂರು ನಾಲಿಗೆಗೆ ಮುಟ್ಟಿಸಿ ನೋಡುವುದು ಒಳ್ಳೆಯದು.

ಈಗ ನಾನು ಎರಡನೇ ಸಲ ಎಡವಿದ್ದು. ಕುದಿಯುತ್ತಿದ್ದ ಜಾಮ್ ಚಮಚದಲ್ಲಿ ತೆಗೆದು, ಊದಿ, ಬಾಯಿಗಿಟ್ಟೆ. ಕಿವಿಯಲ್ಲಿ ಹೊಗೆ ಬಂತು. ಅಯ್ಯೋ ಖಾರ ಜಾಸ್ತಿಯಾಯಿತು ಅಂತ, ಉಳಿದ ಮೆಣಸಿನಕಾಯಿ ಪಕ್ಕಕ್ಕಿಟ್ಟೆ. ಮರುದಿನ ಫ್ರಿಜ್‌ನಿಂದ ತೆಗೆದು ತಿಂದರೆ ಬರೀ ಸಿಹಿ! ಕಾರಣ ನಾಲಿಗೆಯಲ್ಲೇ ಇದೆ. ಕ್ಯಾಪ್ಸೈಸಿನ್ ಹೋಗಿ ತಟ್ಟುವ ಟಿಆರ್‌ಪಿವಿ1 ಎಂಬ ಗ್ರಾಹಕ (ನರದ ತುದಿಯಲ್ಲಿ ಸುದ್ದಿ ಹಿಡಿಯುವ ಪ್ರೋಟೀನು), ಬಿಸಿಯನ್ನು ಗುರುತಿಸುವ ಗ್ರಾಹಕವೂ ಹೌದು, ಸುಮಾರು 43 ಡಿಗ್ರಿ ದಾಟಿದರೆ ಎಚ್ಚರಗೊಳ್ಳುತ್ತದೆ. ಅದನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ 2021ರಲ್ಲಿ ನೊಬೆಲ್ ಹಂಚಿಕೊಂಡರು. ಬಿಸಿ ಜಾಮಿನಲ್ಲಿ ಸುಡುವ ಬಿಸಿಯೂ ಖಾರವೂ ಒಂದೇ ಬಾಗಿಲು ಬಡಿಯುತ್ತವೆ. ನಾಲಿಗೆ ಎರಡನ್ನೂ ಕೂಡಿಸಿ ಖಾರ ಅನ್ನುತ್ತದೆ.

ಹಾಗಾಗಿ ಈಗ ಫ್ರೀಜರ್‌ನಲ್ಲಿ ಒಂದು ಸಣ್ಣ ತಟ್ಟೆ ಇಟ್ಟುಕೊಂಡೇ ಶುರುಮಾಡುತ್ತೇನೆ. ಒಲೆ ಆರಿಸಿ, ಅರ್ಧ ಚಮಚ ಜಾಮ್ ಆ ತಟ್ಟೆಗೆ ಹಾಕಿ ಒಂದು ನಿಮಿಷ ಬಿಡುತ್ತೇನೆ. ಬೆರಳಿನಿಂದ ತಳ್ಳಿದರೆ ಮೇಲೆ ಸುಕ್ಕು ಬಿದ್ದರೆ ಹೆಪ್ಪು ಹಿಡಿದಿದೆ. ಅದೇ ಬೆರಳು ನೆಕ್ಕಿದರೆ ಖಾರ ಎಷ್ಟೆಂದು ಸರಿಯಾಗಿ ತಿಳಿಯುತ್ತದೆ. ತಟ್ಟೆ ಒಂದು, ಪರೀಕ್ಷೆ ಎರಡು.

ಹೆಚ್ಚುವಾಗ ಗ್ಲೌಸ್ ಹಾಕಿಕೊಳ್ಳಿ. ಕ್ಯಾಪ್ಸೈಸಿನ್ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಕೈಗೆ ಹತ್ತಿದರೆ ಮೊದಲು ಅಡುಗೆ ಎಣ್ಣೆ ತಿಕ್ಕಿ, ಆಮೇಲೆ ಸೋಪು. ಕುದಿಯುವ ವಿನೆಗರ್ ಜೊತೆ ಖಾರದ ಘಾಟು ಏಳುತ್ತದೆ, ಪಾತ್ರೆಯ ಮೇಲೆ ಬಗ್ಗಿ ಮೂಸಬೇಡಿ, ಕಿಟಕಿ ತೆರೆದಿಡಿ.

ಬಾಟಲಿಗೆ

ಚೂರುಗಳೆಲ್ಲ ಮೇಲೆ ತೇಲಿ, ಕೆಳಗೆ ಬರೀ ಜೆಲ್ಲಿ ಉಳಿಯುವುದು ಈ ಜಾಮಿನ ಮಾಮೂಲಿ ಕಾಟ. ಮೆಣಸಿನಕಾಯಿ ಚೂರು ಪಾಕಕ್ಕಿಂತ ಹಗುರ. ಹಣ್ಣು, ಮೆಣಸಿನಕಾಯಿ ಎರಡನ್ನೂ ಸಕ್ಕರೆಯಲ್ಲಿ ಬೆರೆಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೆ ಸಕ್ಕರೆ ಒಳಗಿಳಿದು ಚೂರು ತೂಕವಾಗುತ್ತದೆ. ಒಲೆ ಆರಿಸಿದ ಮೇಲೆ ನಾಲ್ಕೈದು ನಿಮಿಷ ಬಿಟ್ಟು, ಒಮ್ಮೆ ಕಲಕಿ ತುಂಬಿದರೂ ಎಷ್ಟೋ ವಾಸಿ.

ಹೊರಗಿಡುವ ಜಾಮಿಗೆ 250 ಮಿ.ಲೀ ಬಾಟಲಿಯಲ್ಲಿ ಮೇಲೆ 6 ಮಿ.ಮೀ ಜಾಗ ಬಿಟ್ಟು, ಬಾಯಿ ಒರೆಸಿ, ಮುಚ್ಚಳ ಹಾಕಿ, ಮುಳುಗುವಷ್ಟು ಕುದಿಯುವ ನೀರಿನಲ್ಲಿ ಸಾಮಾನ್ಯವಾಗಿ 10 ನಿಮಿಷ ಇಡುತ್ತಾರೆ. 300 ಮೀಟರ್ ದಾಟಿದ ಊರಿನಲ್ಲಿ ಹೊತ್ತು ಹೆಚ್ಚಬೇಕು, ಪಾಕವಿಧಾನದಲ್ಲಿ ಅದು ಬರೆದಿರುತ್ತದೆ. ಆರಿದ ಮೇಲೆ ಮುಚ್ಚಳದ ನಡುಭಾಗ ಒತ್ತಿದರೆ ಟಕ್ ಅನ್ನಬಾರದು. ಟಕ್ ಅಂದರೆ ಆ ಬಾಟಲಿ ಫ್ರಿಜ್‌ಗೆ. ಮೇಲೆ ಬೂಷ್ಟು ಕಂಡರೆ ಕೆರೆದು ತೆಗೆದು ತಿನ್ನುವ ಆಸೆ ಬೇಡ, ಇಡೀ ಬಾಟಲಿ ಚೆಲ್ಲಿ.

ಮೊದಲ ವಾರ ವಿನೆಗರ್, ಸಕ್ಕರೆ, ಖಾರ ಒಂದೊಂದೂ ಬೇರೆಬೇರೆಯಾಗಿ ಬಾಯಿಗೆ ಸಿಗುತ್ತವೆ. ಎರಡು ವಾರ ಕಳೆದ ಮೇಲೆ ತೆರೆದು ನೋಡಿ. ಆಗಲೂ ವಿನೆಗರ್ ಜಾಸ್ತಿ ಅನಿಸಿದರೆ ಮುಂದಿನ ಸಲ 20 ಗ್ರಾಂ ಸಕ್ಕರೆ ಹೆಚ್ಚಿಸಿ, 840ರ ಬದಲು 871 ಗ್ರಾಂಗೆ ಇಳಿಸಿ.