ಯಾವುದಕ್ಕೆ ಯಾವುದನ್ನ?

ಅಡಿಕೆ ಬೆಳೆಗಾರರಿಗೆ ಹಂಚುವ ಕರಪತ್ರವೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿಕೊಟ್ಟಿದ್ದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ವಿಧಾನ. ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರು, ಸುಣ್ಣದ ನೀರು, ‘ಎರಡನ್ನೂ ಮಿಶ್ರಣ ಮಾಡಿ’ ಎಂದು ಬರೆದು ಕೈತೊಳೆದುಕೊಂಡಿದ್ದೆ. ಮಳೆ ಹಿಡಿಯುವ ಮೊದಲು ಚನ್ನಗಿರಿ ಕಡೆಯ ರೈತರೊಬ್ಬರ ಫೋನ್ ಬಂತು.

“ಮಿಶ್ರಣ ಮಾಡೋದು ಸರಿ ಸಾರ್, ಯಾವುದಕ್ಕೆ ಯಾವುದನ್ನ ಹುಯ್ಯಬೇಕು ಅಂತ ಬರ್ದೇ ಇಲ್ವಲ್ಲ?”

ವರ್ಷಗಟ್ಟಲೆ ಅನುವಾದ ಮಾಡಿದವನಿಗೆ ಚತುರ್ಥಿ ವಿಭಕ್ತಿಯ ಪಾಠ ಆಗಿದ್ದು ಆವತ್ತು.

‘ಹಾಲಿಗೆ ನೀರು ಬೆರೆಸಿದ’ ಅಂದರೆ ಮಾಮೂಲಿ ಮೋಸ. ‘ನೀರಿಗೆ ಹಾಲು ಬೆರೆಸಿದ’ ಅಂದರೆ ಕೇಳಿದವರು ನಗುತ್ತಾರೆ. ‘-ಗೆ’ ಹತ್ತಿದ್ದು ಮೊದಲೇ ಪಾತ್ರೆಯಲ್ಲಿರುತ್ತದೆ, ಇನ್ನೊಂದು ಮೇಲೆ ಬಂದು ಬೀಳುತ್ತದೆ. ‘ಎರಡನ್ನೂ’ ಎಂದು ಬರೆದ ಕೂಡಲೇ ಆ ಸುಳಿವು ಹೋಯಿತು. ‘ಮಿಶ್ರಣ ಮಾಡಿ’ ಎಂಬುದು ಅರ್ಜಿ, ಪ್ರಶ್ನೆಪತ್ರಿಕೆಗೆ ಸರಿ. ಡ್ರಮ್ಮಿನ ಮುಂದೆ ನಿಂತವನಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಈ ಕೆಲಸಕ್ಕೆ ನಮ್ಮಲ್ಲಿರುವುದು ಒಂದೇ ಕ್ರಿಯಾಪದವೂ ಅಲ್ಲ. ದಾವಣಗೆರೆಯಲ್ಲಿ ಮಂಡಕ್ಕಿ ಅಂಗಡಿ ಮುಂದೆ ನಿಂತು ಯಾರೂ ‘ಮಂಡಕ್ಕಿ ಬೆರೆಸಿ ಕೊಡ್ರಿ’ ಅನ್ನುವುದಿಲ್ಲ. ಈರುಳ್ಳಿ, ಖಾರ, ಎಣ್ಣೆ ಬಿದ್ದ ಮೇಲೆ ಕೈಹಾಕಿ ಕಲಸಬೇಕು. ಕಲಸುವುದಕ್ಕೆ ಕೈ ಬೇಕು, ಇಲ್ಲವೇ ಗಾರೆಯವರ ಸಲಿಕೆ. ಬೆರೆಯುವುದು ಹಾಗಲ್ಲ, ಅದು ತಾನಾಗಿಯೂ ಆಗುತ್ತದೆ: ಹಳ್ಳ ಹೊಳೆಗೆ ಬೆರೆಯುತ್ತದೆ, ಹೊಸ ಸೊಸೆ ಮನೆಯವರ ಜೊತೆ ಬೆರೆಯುತ್ತಾಳೆ. ಅದಕ್ಕೆ ‘-ಇಸು’ ಹತ್ತಿದರೆ ಬೆರೆಸು. ಸೊಸೆಯನ್ನು ಕಲಸಲು ಬರುವುದಿಲ್ಲ! ಕಲಸುಮೇಲೋಗರ ಆಗುವುದು ಬೇರೆ ಮಾತು.

ಬೋರ್ಡೋ ದ್ರಾವಣಕ್ಕೆ ಇನ್ನೂ ಎರಡು ಪದ ಬೇಕು. ಶೇಕಡಾ 1ರ ದ್ರಾವಣಕ್ಕೆ 1 ಕೆ.ಜಿ. ತುತ್ತ, 1 ಕೆ.ಜಿ. ಸುಣ್ಣ, ಒಟ್ಟು 100 ಲೀಟರ್ ನೀರು. ತುತ್ತ ನೀರಲ್ಲಿ ಪೂರ್ತಿ ಕರಗುತ್ತದೆ, ನೀರು ನೀಲಿಯಾಗಿ ತಿಳಿಯಾಗಿಯೇ ಇರುತ್ತದೆ. ಸುಣ್ಣ ಹಾಗೆ ಕರಗುವುದಿಲ್ಲ. ಕದಡಿದರೆ ಹಾಲಿನಂತಾಗಿ, ಬಿಟ್ಟರೆ ತಳ ಹಿಡಿಯುತ್ತದೆ. ಆದ್ದರಿಂದ ತುತ್ತವನ್ನು ‘ಕರಗಿಸಿ’, ಸುಣ್ಣವನ್ನು ‘ಕದಡಿ’. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣ ಧಾರೆಯಾಗಿ ಹುಯ್ಯುತ್ತ ಕೋಲಿನಿಂದ ತಿರುವುತ್ತಿರಬೇಕು. ತಿರುಗಮುರುಗ ಮಾಡಿದರೆ ದ್ರಾವಣ ಹದಕ್ಕೆ ಬರುವುದಿಲ್ಲ. ಹದ ನೋಡಲು ಹೊಳೆಯುವ ಚಾಕು ಅದ್ದಬೇಕು. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು. ಹಾಗೇ ಹೊಡೆದರೆ ಬೆಳೆ ಸುಡುತ್ತದೆ, ಇನ್ನಷ್ಟು ಸುಣ್ಣದ ನೀರು ಹಾಕಬೇಕು.

ಇಷ್ಟನ್ನೂ ಫೋನಿನಲ್ಲಿ ಹೇಳಿದೆ. “ಇದ್ನೇ ಬರೀಬೇಕಿತ್ತಲ್ವಾ?” ಅಂದರು. ಅವರಿಗೆ ವಿಧಾನ ಮೊದಲೇ ಗೊತ್ತಿತ್ತೋ ಏನೋ, ಕೇಳಲು ನನಗೆ ಧೈರ್ಯ ಬರಲಿಲ್ಲ.

ಮರುಮುದ್ರಣದಲ್ಲಿ ಆ ಸಾಲು ಹೀಗಾಯಿತು: ‘ಕರಗಿಸಿದ ತುತ್ತದ ನೀರನ್ನು ಕದಡಿದ ಸುಣ್ಣದ ನೀರಿಗೆ ನಿಧಾನವಾಗಿ ಹುಯ್ಯುತ್ತ ತಿರುವಿ.’ ಸಾಲು ಉದ್ದವಾಯಿತೆಂದು ಪ್ರೆಸ್ಸಿನವರು ಗೊಣಗಿದರು. ಅಡಿಕೆ ಗೊನೆಯ ಚಿತ್ರವನ್ನು ಚಿಕ್ಕದು ಮಾಡಿಸಿದೆ.